ಕಾವಲಿನ ಹುರುಳಿ ಡ್ರಮ್ಮು

ಹೋದ ತಿಂಗಳು ಚಾಮರಾಜಪೇಟೆಯಲ್ಲಿ ಒಂದು ನಾಮಕರಣಕ್ಕೆ ಹೋಗಿದ್ದೆ. ಊಟ ಮುಗಿಸಿ ಆಟೊ ಹುಡುಕುತ್ತಿದ್ದವಳನ್ನು ಕಾಲು ತಾನಾಗಿ ನಮ್ಮ ಹಳೆಯ ರಸ್ತೆಗೆ ಎಳೆದುಕೊಂಡು ಬಂತು. ನಮ್ಮ ಮನೆಯಿದ್ದ ಜಾಗದಲ್ಲಿ ಈಗ ಉದ್ದನೆಯ ಕಟ್ಟಡ, ಕೆಳಗೆ ಮೊಬೈಲ್ ಅಂಗಡಿ. ಪಕ್ಕದಲ್ಲಿ ಒಂದು ಕಾಳಿನ ಅಂಗಡಿ ಮಾತ್ರ ಹೇಗೋ ಉಳಿದುಕೊಂಡಿದೆ. ಮಳೆಗೆ ನೆನೆದ ಹುರುಳಿ ಮೂಟೆಯೊಂದನ್ನು ಬಿಚ್ಚಿ ಫುಟ್‌ಪಾತಿನ ಮೇಲೆ ಹರವಿದ್ದರು. ಒದ್ದೆ ಹುರುಳಿಗೆ ಮುಗ್ಗಲು ಹಿಡಿಯುವಾಗ ಹುಳಿಯೂ ಮಣ್ಣೂ ಸೇರಿದಂಥ ಒಂದು ವಾಸನೆ ಬರುತ್ತದೆ. ಅದು ಮೂಗಿಗೆ ಬಡಿದದ್ದೇ ನಾನು ರಸ್ತೆಯಲ್ಲೇ ನಿಂತುಬಿಟ್ಟೆ. ಹಿಂದೆ ಕಾರಿನವನೊಬ್ಬ ಹಾರ್ನ್ ಹೊಡೆದೇ ಹೊಡೆದ. ಸರಿಯಬೇಕು ಎಂದು ತೋಚಲಿಲ್ಲ.

ನಮ್ಮಪ್ಪ ಹಾರ್ನ್ ಹೊಡೆಯುತ್ತಿರಲಿಲ್ಲ. ಅದೇ ರಸ್ತೆಯಲ್ಲಿ ಅವರದು ಹಿಂಡಿ, ಬೂಸ, ಹುರುಳಿಯ ಮಂಡಿ. ಸರಕು ಹೇರಲು ಹಳೆಯ ಜೀಪೊಂದಿತ್ತು. ಚಿಕ್ಕಪೇಟೆಯ ಗಲ್ಲಿಯಲ್ಲಿ ತಳ್ಳುಗಾಡಿ ಅಡ್ಡ ನಿಂತರೆ ಅದು ತಾನಾಗಿ ಸರಿಯುವವರೆಗೂ ಸ್ಟೀರಿಂಗ್ ಮೇಲೆ ಕೈಯಿಟ್ಟು ಕೂತಿರುತ್ತಿದ್ದರು. ಹಿಂದಿನವರು ಬೈದರೆ ಬೈಸಿಕೊಳ್ಳುತ್ತಿದ್ದರು. ಬೀದಿಯವರು ಅವರನ್ನು ಸಾಧು ಮನುಷ್ಯ ಎನ್ನುತ್ತಿದ್ದರು. ಸಾಧುವೂ ಅಲ್ಲ ಏನೂ ಅಲ್ಲ, ಸಾರಿಗೆ ಉಪ್ಪು ಕಡಿಮೆಯಾದರೆ ತಟ್ಟೆ ತಳ್ಳಿ ಏಳುತ್ತಿದ್ದ ಆಸಾಮಿ. ಅವರು ಹಾರ್ನ್ ಬಿಟ್ಟದ್ದು ಎಪ್ಪತ್ತರ ದಶಕದ ನಡುವಿನ ಒಂದು ಮಳೆಗಾಲದಲ್ಲಿ, ನಮ್ಮ ಚಿಕ್ಕಪ್ಪ ತೀರಿಕೊಂಡ ವರ್ಷ.

ಚಿಕ್ಕಪ್ಪ ಎಂದರೆ ಅಪ್ಪನ ಒಬ್ಬನೇ ತಮ್ಮ, ಚಂದ್ರು. ಮದುವೆಯಾಗಲಿಲ್ಲ. ಅಪ್ಪ ಪೇಟೆಯಲ್ಲಿ ಮಂಡಿ ನೋಡಿಕೊಂಡರೆ ಅವರು ಊರಿನ ಜಮೀನು ನೋಡಿಕೊಳ್ಳುತ್ತಿದ್ದರು. ಕನಕಪುರದಾಚೆ ಕಾಡಿನ ಅಂಚಿಗೆ ನಮ್ಮ ತಾತನ ಕಾಲದ್ದೊಂದು ಕಾವಲು ಇತ್ತು. ಉಳದೆ ಬಿಟ್ಟ ಹುಲ್ಲಿನ ನೆಲ, ಒಂದಿಷ್ಟು ಕುರುಚಲು ಮರ, ನಡುವೆ ಹಳ್ಳ. ಅಣ್ಣತಮ್ಮಂದಿರು ಅಲ್ಲಿ ಬೇಟೆಯಾಡುತ್ತಿದ್ದರು. ಆ ಕಾಲದಲ್ಲಿ ಬೇಟೆಗೆ ಪರವಾನಗಿ ಸಿಗುತ್ತಿತ್ತು, ನಾಚಿಕೆಯೇನೂ ಇರಲಿಲ್ಲ. ನಾನೂ ಆ ಮಾಂಸ ತಿಂದೇ ಬೆಳೆದವಳು. ಈಗ ಮಹಾ ಒಳ್ಳೆಯವಳ ಹಾಗೆ ಬರೆದರೆ ಅಮ್ಮ ಇದ್ದಲ್ಲಿಂದಲೇ ನಕ್ಕಾಳು.

ಜಿಂಕೆ ಒಂದು ಕಾವಲಿನಲ್ಲಿ ನಿಲ್ಲಬೇಕಾದರೆ ಅದಕ್ಕೆ ತಿನ್ನಲು ಏನಾದರೂ ಇಡಬೇಕು. ಬೇಸಿಗೆಯಲ್ಲಿ ಉಪ್ಪಿನ ಗಡ್ಡೆ, ಹುರುಳಿ ಇಟ್ಟು ಬರುತ್ತಿದ್ದರು. ಆದರೆ ಕಾಳು ಇಟ್ಟ ಜಾಗದಲ್ಲಿ ಕೋವಿ ಎತ್ತಬಾರದು ಎಂಬುದು ತಾತ ಮಾಡಿಟ್ಟ ಕಟ್ಟಳೆ. ಕಾಳು ಸುರಿಯಬೇಕು, ಹಿಂದಿರುಗಿ ನೋಡದೆ ಬರಬೇಕು. ಹೊಡೆಯುವುದೇನಿದ್ದರೂ ಹಳ್ಳದಾಚೆ, ಅದು ಎಚ್ಚರವಾಗಿ ಓಡಾಡುವ ಕಡೆ. ಇಬ್ಬರೂ ಆ ಕಟ್ಟಳೆಯನ್ನು ಒಂದು ದಿನವೂ ಮುರಿಯಲಿಲ್ಲ. ಆಮೇಲೆ ಬೇಟೆ ನಿಲ್ಲಿಸುವ ಕಾನೂನು ಬಂತು. ಚಿಕ್ಕಪ್ಪ ಒಂದು ದಿನ ಕೋವಿಯನ್ನು ಎಣ್ಣೆ ಹಾಕಿ ಒರೆಸಿ, ಬಟ್ಟೆ ಸುತ್ತಿ, ಠಾಣೆಗೆ ಕೊಟ್ಟು ಬಂದರು. ಅಷ್ಟು ಹೊತ್ತಿಗೆ ಅವರಿಗೆ ಕೆಮ್ಮು ಶುರುವಾಗಿತ್ತು.

ಕೆಮ್ಮು ಎದೆಯ ಕಾಯಿಲೆಯಾಯಿತು. ಅಪ್ಪ ಅವರನ್ನು ಊರಿನಿಂದ ಕರೆತಂದು ನಮ್ಮ ಮನೆಯ ಮುಂಗೋಣೆಯಲ್ಲಿ, ರಸ್ತೆಯ ಕಿಟಕಿಯ ಪಕ್ಕ ಮಲಗಿಸಿದರು. ನಾನು ಆಗಷ್ಟೇ ಬಸವನಗುಡಿಯ ಒಂದು ಶಾಲೆಗೆ ಟೀಚರಾಗಿ ಸೇರಿದ್ದೆ. ಸಂಜೆ ಬರುವಾಗ ಗಾಂಧಿ ಬಜಾರಿನಲ್ಲಿ ಅವರಿಗೆ ಮೂಸಂಬಿ ಕೊಂಡು ತರುತ್ತಿದ್ದೆ. ಡಾಕ್ಟರು ಅಪ್ಪನನ್ನು ಹೊರಗೆ ಕರೆದು ಹೇಳಿದ್ದನ್ನು ಯಾರೂ ಚಿಕ್ಕಪ್ಪನಿಗೆ ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಆ ವರ್ಷದ ಮೊದಲ ಮಳೆ ಬಿದ್ದ ಸಂಜೆ ಕಿಟಕಿಯ ಸರಳು ಹಿಡಿದುಕೊಂಡು ಕೂತಿದ್ದವರು ಅಪ್ಪನನ್ನು ಕರೆದರು.

“ಅಣ್ಣ, ಒಂದೇ ಒಂದ್ ಆಸೆ ಇದೆ ಕಣೋ.”

“ಹೇಳು.”

“ಇಷ್ಟು ವರ್ಷ ಕಾಳು ಹಾಕಿದ್ವಿ. ಅವು ತಿನ್ನೋದನ್ನ ಒಂದಿನಾನೂ ನೋಡ್ಲಿಲ್ಲ ನಾನು. ತಿರುಗಿ ನೋಡ್ಬಾರ್ದು ಅಂತ ಅಪ್ಪ ಹೇಳಿದ್ರಲ್ಲ. ಈಗ ಕೋವಿ ಇಲ್ಲ. ಒಂದ್ಸಲ ಸುಮ್ನೆ ಕೂತು ನೋಡ್ಬೇಕು.”

ಅಪ್ಪ ಆಯಿತು ಎಂದರು. ಡಾಕ್ಟರು ಬೇಡ ಎಂದರು. ಈ ಮಳೆಯಲ್ಲಿ ಆ ರಸ್ತೆಯಲ್ಲಿ ಕುಲುಕಿಸಿಕೊಂಡು ಹೋದರೆ ದಾರಿಯಲ್ಲೇ ಏನಾದರೂ ಆದೀತು, ನವರಾತ್ರಿ ಕಳೆಯಲಿ, ಮಳೆ ನಿಲ್ಲಲಿ, ಹಗಲು ಹೊತ್ತು ಬೇಕಾದರೆ ಕರೆದುಕೊಂಡು ಹೋಗಿ, ಬೇಗ ವಾಪಸ್ಸು ಬನ್ನಿ ಎಂದರು. ಜಿಂಕೆಗಳೋ ಮುಸ್ಸಂಜೆಗೆ ಬಂದು ಕತ್ತಲಲ್ಲಿ ತಿಂದು ಹೋಗುವಂಥವು. ಅವು ನಡುಹಗಲಿನಲ್ಲಿ, ಒಂದೇ ಜಾಗಕ್ಕೆ, ಜೀಪಿನ ಎದುರಿಗೆ ಬರಬೇಕು. ಹಾಗೆ ಬರಬೇಕಾದರೆ ಅಲ್ಲಿ ಎಂದೂ ಖಾಲಿಯಾಗದೆ ಕಾಳು ಇರಬೇಕು. ನಾವು ಹೋಗುವುದು ಭಾನುವಾರ ಮಾತ್ರ. ಕಾವಲು ನೋಡಿಕೊಳ್ಳುವ ಕೆಂಪಯ್ಯನ ಕೈಗೆ ಕಾಳು ಕೊಟ್ಟರೆ ಮೊದಲು ಅವನ ಎತ್ತುಗಳು ದಪ್ಪಗಾಗುತ್ತವೆ ಎಂದು ಚಿಕ್ಕಪ್ಪ ನಕ್ಕು ಕೆಮ್ಮಿದರು. ಹೀಗಾಗಿ ತಾನೇ ಕಾಳು ಉದುರಿಸುವ, ಮಳೆಗೆ ಕೆಡದ, ಕೈಕೊಡದ ಒಂದು ಸಾಧನ ಹುಡುಕುವುದೇ ಆ ಮಳೆಗಾಲದಲ್ಲಿ ನಮ್ಮ ಮನೆಯ ಕೆಲಸವಾಯಿತು.

ಮೊದಲು ಬಿದಿರಿನ ಕುಕ್ಕೆಗೆ ಮುಚ್ಚಳ ಕಟ್ಟಿ ಮರಕ್ಕೆ ತೂಗುಹಾಕಿದರು. ಕೋತಿಗಳು ಅದನ್ನು ಬಿಚ್ಚಿ, ತಿಂದು, ಕುಕ್ಕೆಯನ್ನೂ ಸಿಗಿದು ಹಾಕಿದ್ದವು. ಆಮೇಲೆ ಸೀಮೆಎಣ್ಣೆ ಡಬ್ಬ. ಅಮ್ಮ ಬೂದಿ, ಹುಣಸೆಹಣ್ಣು ಹಾಕಿ ಎಷ್ಟು ಉಜ್ಜಿದರೂ ಅದರ ವಾಸನೆ ಹೋಗಲಿಲ್ಲ. ಒಂದು ಗೊರಸಿನ ಗುರುತೂ ಅದರ ಹತ್ತಿರ ಕಾಣಲಿಲ್ಲ. ಮೂರನೆಯದು ನಮ್ಮ ಬೀದಿಯ ತುದಿಯಲ್ಲಿ ತಗಡಿನ ಕೆಲಸ ಮಾಡುತ್ತಿದ್ದ ಸಾಬರ ಡ್ರಮ್ಮು, ತಳದಲ್ಲಿ ಸುತ್ತ ಸೀಳು ಬಿಟ್ಟದ್ದು. ಒಂದೇ ವಾರದ ಮಳೆಗೆ ನೀರು ಒಳಗಿಳಿದು ಹುರುಳಿಯೆಲ್ಲ ಮೊಳಕೆಯೊಡೆದು ಸೀಳು ಕಟ್ಟಿಕೊಂಡಿತ್ತು. ಅಪ್ಪ ಡ್ರಮ್ಮನ್ನು ಮನೆಗೆ ತಂದಾಗ ಅಮ್ಮ ಆ ಮೊಳಕೆಯನ್ನು ನೋಡಿ, “ಬಸ್ಸಾರಿಗಾದ್ರೂ ಆಗ್ತಿತ್ತು, ಇನ್ನೊಂದಿನ ಮುಂಚೆ ತಂದಿದ್ರೆ” ಎಂದಳು. ಚಿಕ್ಕಪ್ಪ ಬಹಳ ದಿನಗಳ ಮೇಲೆ ಹೊಟ್ಟೆ ತುಂಬ ನಕ್ಕದ್ದು ಅವತ್ತು.

ಕೊನೆಗೆ ಚಿಕ್ಕಪ್ಪನೇ ಸಾಬರನ್ನು ಕಿಟಕಿಯ ಹತ್ತಿರ ಕರೆಸಿಕೊಂಡರು. ಡ್ರಮ್ಮಿನ ಮೇಲೆ ಅಗಲವಾದ ತಗಡಿನ ಛತ್ರಿ ಇರಬೇಕು, ತಳ ಆಲಿಕೆಯ ಹಾಗೆ ಇಳಿದು ಒಂದೇ ತೂತಿರಬೇಕು, ತೂತಿನೊಳಗಿಂದ ಒಂದು ಕಂಬಿ ಸಡಿಲವಾಗಿ ಜೋತಿರಬೇಕು. ಕಂಬಿಗೆ ಮೂತಿ ತಾಗಿದರೆ ಒಂದಿಷ್ಟು ಕಾಳು ಉದುರಬೇಕು, ಸುಮ್ಮನಿದ್ದರೆ ಒಂದು ಕಾಳೂ ಬೀಳಬಾರದು. ಅಂಚುಗಳನ್ನು ಮಡಿಸಬೇಕು, ಮೂತಿ ಕುಯ್ಯಬಾರದು. ಬಣ್ಣ ಬಳಿಯಬಾರದು. ಸಾಬರು ಎಲ್ಲವನ್ನೂ ಕೇಳಿಸಿಕೊಂಡು, “ಯಾರ ಮನೆ ಎಮ್ಮೆಗೆ ಸ್ವಾಮಿ ಇಷ್ಟೆಲ್ಲ?” ಎಂದರು.

“ಎಮ್ಮೆಗಲ್ಲ ಸಾಬ್ರೇ, ಜಿಂಕೆಗೆ.”

“ಹೊಡೆಯೋದಕ್ಕಾ?”

“ನೋಡೋದಕ್ಕೆ.”

ಸಾಬರು ಅವರ ಮುಖವನ್ನೂ ಮಂಚವನ್ನೂ ನೋಡಿ, “ಹಾಗಾದ್ರೆ ಮಾಡ್ಕೊಡ್ತೀನಿ, ಬಿಡಿ” ಎಂದು ಹೋದರು.

ಆ ಡ್ರಮ್ಮಿನ ಪರೀಕ್ಷೆ ನಡೆದದ್ದು ನಮ್ಮ ಹಿತ್ತಲಿನಲ್ಲಿ. ಪಕ್ಕದ ಮನೆಯ ಮೇಕೆಯನ್ನು ಕೇಳಿ ತಂದು, ಸೀಬೆಮರಕ್ಕೆ ತೂಗುಹಾಕಿದ ಡ್ರಮ್ಮಿನ ಕೆಳಗೆ ಬಿಟ್ಟೆವು. ಚಿಕ್ಕಪ್ಪನನ್ನು ಕುರ್ಚಿಯಲ್ಲಿ ಎತ್ತಿ ತಂದು ಹಿತ್ತಲ ಬಾಗಿಲಲ್ಲಿ ಕೂರಿಸಿದೆವು. ಮೇಕೆ ಮೊದಲು ಅಮ್ಮನ ಕನಕಾಂಬರದ ಗಿಡವನ್ನು ಬುಡದವರೆಗೂ ತಿಂದು, ಆಮೇಲೆ ನಿಧಾನವಾಗಿ ಕಂಬಿ ಮೂಸಿತು. ಕಾಳು ಉದುರಿತು. ಮತ್ತೆ ಮೂಸಿತು, ಮತ್ತೆ ಉದುರಿತು. ಸಂಜೆ ಜೋರು ಮಳೆ ಬಂದು ನಿಂತ ಮೇಲೆ ಅಪ್ಪ ಡ್ರಮ್ಮಿನೊಳಗೆ ತೋಳು ತೂರಿಸಿ ನೋಡಿದರು. ಹುರುಳಿ ನೆನೆಯದೆ ಒಣಗಿಯೇ ಇತ್ತು. ಇದು ಕೈಕೊಡಲ್ಲ ಎಂದು ಚಿಕ್ಕಪ್ಪ ತೀರ್ಪು ಕೊಟ್ಟರು. ಅಮ್ಮ ಮೇಕೆಯ ಮನೆಯವರೊಂದಿಗೆ ಕನಕಾಂಬರದ ಲೆಕ್ಕದಲ್ಲಿ ಬಹಳ ದಿನ ಮಾತು ಬಿಟ್ಟಿದ್ದಳು.

ಡ್ರಮ್ಮು ಕಾವಲಿನ ಆಲದ ಕೊಂಬೆಗೆ ಏರಿತು. ಜಿಂಕೆಗಳು ಬಂದು ಹೋದ ಗುರುತು ಅದರ ಕೆಳಗೆ ಕಾಣತೊಡಗಿತು. ಇನ್ನು ಅವುಗಳಿಗೆ ಜೀಪಿನ ಭಯ ಬಿಡಿಸಬೇಕಿತ್ತು. ಅಪ್ಪನಿಗೆ ಉಪಾಯ ಹೊಳೆದದ್ದು ಮಂಡಿಯಲ್ಲಿ. ಬೆಳಿಗ್ಗೆ ಮಂಡಿಯ ಬಾಗಿಲಿನ ಹಲಗೆಗಳನ್ನು ತೆಗೆಯುವ ಸದ್ದಿಗೇ ಬೀದಿಯ ಎಮ್ಮೆಗಳು ಬಂದು ಚೆಲ್ಲಿದ ಬೂಸಕ್ಕಾಗಿ ಸಾಲಾಗಿ ನಿಲ್ಲುತ್ತಿದ್ದವು. ಹಿಂಡಿ ಮಾರುವವರ ಕಣ್ಣಿಗೆ ಪ್ರಾಣಿಯೆಂದರೆ ಇಷ್ಟೇ. ಸದ್ದು ಕೇಳಿಸಬೇಕು, ತಿನ್ನಲು ಸಿಗಬೇಕು, ಅಭ್ಯಾಸವಾಗಬೇಕು.

“ಕಾಳು ತುಂಬೋವಾಗೆಲ್ಲ ಎರಡು ಸಲ ಹಾರ್ನ್ ಹೊಡಿತೀನಿ ಚಂದ್ರು. ಹಾರ್ನ್ ಅಂದ್ರೆ ಹುರುಳಿ ಅಂತ ಕಲ್ತುಬಿಡ್ತವೆ. ನೀನ್ ಬಂದ ದಿನ ಹೊಡೆದ್ರೆ ಎದುರಿಗೇ ಬಂದು ನಿಲ್ತವೆ.”

ಚಿಕ್ಕಪ್ಪನೋ, ಗಾಳಿಯ ದಿಕ್ಕು ನೋಡದೆ ಕಾವಲಿನಲ್ಲಿ ಹೆಜ್ಜೆಯಿಡದ ಮನುಷ್ಯ, ಕಾಡಿನ ಪ್ರಾಣಿಯನ್ನು ಕೂಗಿ ಕರೆಯುವ ಮಾತನ್ನು ಬೇರೆ ಯಾವ ವರ್ಷವಾದರೂ ಬೈದು ಅಲ್ಲೇ ನಿಲ್ಲಿಸುತ್ತಿದ್ದರು. ಆ ವರ್ಷ ಅವರಿಗೆ ಉಳಿದಿದ್ದ ಸಮಯ ಕಡಿಮೆ. “ಹೊಡಿ” ಎಂದರು.

ಅಪ್ಪನ ಜೊತೆ ಪ್ರತಿ ಭಾನುವಾರ ನಾನೂ ಹೋಗುತ್ತಿದ್ದೆ. ಮೊದಮೊದಲು ಹಾರ್ನ್ ಹೊಡೆದು ಬಂದುಬಿಡುತ್ತಿದ್ದೆವು. ಆಮೇಲೆ ಜೀಪನ್ನು ದೂರ ನಿಲ್ಲಿಸಿ ಕಾದರೆ ಪೊದೆಯ ಅಂಚಿನಲ್ಲಿ ಕಿವಿಗಳು ಕಾಣುತ್ತಿದ್ದವು. ಶ್ರಾವಣ ಕಳೆಯುವಷ್ಟರಲ್ಲಿ ಜೀಪು ನಿಲ್ಲುವ ಮೊದಲೇ, ಹಾಡುಹಗಲಿನಲ್ಲಿ, ಹಿಂಡು ಹಳ್ಳ ದಾಟಿ ಓಡಿ ಬರುತ್ತಿತ್ತು. ಅಪ್ಪ ಕಾಳು ತುಂಬಿ ನಾಲ್ಕು ಹೆಜ್ಜೆ ಹಿಂದೆ ಸರಿದರೆ ಸಾಕು, ಬಂದು ಕಂಬಿಗೆ ಮೂತಿ ಹಚ್ಚುತ್ತಿದ್ದವು. ನನಗೆ ಅಷ್ಟು ಸಂತೋಷ ಆಮೇಲೆ ಎಷ್ಟು ಸಲ ಆಗಿದೆಯೋ ಗೊತ್ತಿಲ್ಲ.

ಮನೆಗೆ ಬಂದರೆ ಚಿಕ್ಕಪ್ಪನಿಗೆ ಎಲ್ಲವನ್ನೂ ಒಪ್ಪಿಸಬೇಕು. ಯಾವುದು ಮೊದಲು ಬಂತು, ಮರಿಗಳಿಗೆ ಕಂಬಿ ಎಟುಕಿತೇ, ಕೊಂಬಿನದು ಹೆಣ್ಣುಗಳನ್ನು ತಳ್ಳುತ್ತದೆಯೇ. “ತಿನ್ನೋವಾಗ ಕಣ್ಣು ಮುಚ್ಕೊಳ್ತವಾ ಸರೋಜಾ?” ಎಂದು ಒಂದು ಸಲ ಕೇಳಿದರು. ಮುಂದಿನ ವಾರ ನೋಡಿಕೊಂಡು ಬಂದು, “ಅರ್ಧ ಮುಚ್ಕೊಳ್ತವೆ ಚಿಕ್ಕಪ್ಪ” ಎಂದೆ. ಅದನ್ನು ಅವರು ಮನೆಗೆ ಬಂದ ಪ್ರತಿಯೊಬ್ಬರಿಗೂ ಹೇಳಿದರು. ನವರಾತ್ರಿ ಮುಗಿಯಿತು, ಮಳೆ ತೆಳ್ಳಗಾಯಿತು. ಅಪ್ಪ ಜೀಪಿನ ಸೀಟಿಗೆ ಹೊಸ ಹತ್ತಿಯ ಹಾಸಿಗೆ ಹೊಲಿಸಿದರು. ಬರುವ ಭಾನುವಾರವಲ್ಲ, ಅದರ ಮುಂದಿನ ಭಾನುವಾರ ಹೊರಡುವುದು ಎಂದು ಡಾಕ್ಟರೂ ಒಪ್ಪಿದರು. ಚಿಕ್ಕಪ್ಪ ಕ್ಷೌರದವನನ್ನು ಕರೆಸಿಕೊಂಡು ಕೂದಲು ಕತ್ತರಿಸಿಕೊಂಡರು.

ಆ ನಡುವಿನ ಭಾನುವಾರ ನಾನೂ ಅಪ್ಪನೂ ಕಾವಲಿಗೆ ಹೋದೆವು. ಅಪ್ಪ ಎರಡು ಸಲ ಹಾರ್ನ್ ಹೊಡೆದರು. ಏನೂ ಬರಲಿಲ್ಲ. ಮತ್ತೆ ಹೊಡೆದರು. ಹಳ್ಳದ ಕಡೆಯಿಂದ ಕೆಂಪಯ್ಯ ಓಡಿ ಬಂದ. ಟವಲನ್ನು ಬಾಯಿಗೆ ಒತ್ತಿಕೊಂಡಿದ್ದ.

“ಹೊಡಿಬ್ಯಾಡಿ ಬುದ್ದಿ, ಹೊಡಿಬ್ಯಾಡಿ. ಯಾವೂ ಇಲ್ಲ.”

ವಾರದ ನಡುವೆ ಒಂದು ಮಧ್ಯಾಹ್ನ ಯಾವುದೋ ಜೀಪು ಬಂದಿತ್ತಂತೆ. ಆಲದ ಹತ್ತಿರ ನಿಂತು ಎರಡು ಸಲ ಹಾರ್ನ್ ಹೊಡೆಯಿತಂತೆ. “ನಿಮ್ ಜೀಪೇ ಅಂದ್ಕಂಡೆ ಬುದ್ದಿ. ನಾನೂ ಅಂದ್ಕಂಡೆ, ಅವೂ ಅಂದ್ಕಂಡವು. ಎಲ್ಲಾ ಓಡ್ ಬಂದವು. ಕೋವಿ ಈಡು ಕೇಳಿ ನಾನ್ ಬರೋ ಹೊತ್ಗೆ ಹೇರ್ಕಂಡು ಹೋಗ್ಬುಟ್ಟಿದ್ರು.” ನಮ್ಮ ಭಾನುವಾರದ ಹಾರ್ನು ಸುತ್ತಲಿನ ಊರಿಗೆಲ್ಲ ಕೇಳುತ್ತಿತ್ತು, ಯಾರು ಬೇಕಾದರೂ ಅದನ್ನು ಕಲಿಯಬಹುದು ಎಂದು ನಮಗೆ ಹೊಳೆದಿರಲಿಲ್ಲ. ಡ್ರಮ್ಮಿನ ಕೆಳಗಿನ ನೆಲವನ್ನು ಮಳೆ ತೊಳೆದಿತ್ತು, ಪೂರ್ತಿ ತೊಳೆದಿರಲಿಲ್ಲ. ಅಪ್ಪ ಡ್ರಮ್ಮನ್ನು ಹಿಡಿದುಕೊಂಡು ನಿಂತರು. ತಾತನ ಕಟ್ಟಳೆಯನ್ನು ನಾವು ಮುರಿಯಲಿಲ್ಲ, ಆದರೆ ಮುರಿಯುವವರಿಗೆ ಎಲ್ಲವನ್ನೂ ಸಿದ್ಧ ಮಾಡಿಕೊಟ್ಟಿದ್ದೆವು.

ಚಿಕ್ಕಪ್ಪನಿಗೆ ಹೇಳುವುದು ಬೇಡ ಎಂದು ಅಪ್ಪ ದಾರಿಯಲ್ಲೇ ತೀರ್ಮಾನ ಮಾಡಿದರು. ಹಳ್ಳದ ಹತ್ತಿರ ರಸ್ತೆ ಕೊಚ್ಚಿಹೋಗಿದೆ, ಸರಿಯಾಗುವವರೆಗೆ ಕಾಯಬೇಕು ಎಂದರು. ಚಿಕ್ಕಪ್ಪ ಒಪ್ಪಿದರು. ಆದರೂ ಭಾನುವಾರ ಬಂದರೆ ಅಪ್ಪ ಹೋಗುತ್ತಿದ್ದರು, ಹೋಗದಿದ್ದರೆ ಅನುಮಾನ ಬರುತ್ತಿತ್ತು. ಡ್ರಮ್ಮಿನಲ್ಲಿ ತಿನ್ನುವವರಿಲ್ಲದೆ ಉಳಿದ ಹುರುಳಿಯನ್ನು ಇಳಿಸಿ, ಹೊಸದನ್ನು ತುಂಬಿ, ಸಂಜೆ ಬಂದು ಕಿಟಕಿಯ ಪಕ್ಕ ಕೂತು ಇಲ್ಲದ ಜಿಂಕೆಗಳ ಕಥೆ ಹೇಳುತ್ತಿದ್ದರು. ಸುಳ್ಳು ಹೇಳುವುದರಲ್ಲಿ ಅಪ್ಪ ದಡ್ಡರು. ಹೇಳುತ್ತಾ ಹೇಳುತ್ತಾ ಹಿಂಡು ದೊಡ್ಡದಾಗುತ್ತಿತ್ತು. ಚಿಕ್ಕಪ್ಪ ಕಣ್ಣು ಮುಚ್ಚಿ ಕೇಳುತ್ತಿದ್ದರು. ನಾನು ಅಡುಗೆಮನೆಗೆ ಹೋಗಿ ಅಮ್ಮನ ಪಕ್ಕ ನಿಲ್ಲುತ್ತಿದ್ದೆ. ಅಮ್ಮ ಕೈಗೆ ಸೌಟು ಕೊಡುತ್ತಿದ್ದಳು.

ವಾಪಸ್ಸು ತಂದ ಹುರುಳಿಯನ್ನು ಅಪ್ಪ ನೇರ ಮಂಡಿಗೆ ಹಾಕುತ್ತಿದ್ದರು. ಒಂದು ಭಾನುವಾರ ಮತ್ತೆ ಮಳೆ ಹಿಡಿದುಕೊಂಡು, ನೆನೆದ ಚೀಲವನ್ನು ಮನೆಯ ಪಡಸಾಲೆಯಲ್ಲಿ ಇಳಿಸಿದರು. ಮಾರನೆಯ ದಿನ ನಾನು ಶಾಲೆಯಿಂದ ಬರುವ ಹೊತ್ತಿಗೆ ಮನೆಯೆಲ್ಲ ಮುಗ್ಗಲು ವಾಸನೆ. ಚಿಕ್ಕಪ್ಪ ಒರಗಿ ಕೂತಿದ್ದರು.

“ಸರೋಜಾ, ಆ ಚೀಲದಿಂದ ಒಂದ್ ಹಿಡಿ ತಗೊಂಡ್ಬಾ.”

ಮಂಡಿಯದು, ಕೆಟ್ಟಿದೆ, ಯಾಕೆ ಎಂದು ಏನೇನೋ ತೊದಲಿದೆ. ಅವರು ಕೈ ಚಾಚಿಕೊಂಡೇ ಇದ್ದರು. ತಂದು ಕೊಟ್ಟೆ. ಮೂಗಿನ ಹತ್ತಿರ ಹಿಡಿದು ಮೂಸಿದರು. ಮಂಡಿಯ ಮನೆಯಲ್ಲಿ ಹುಟ್ಟಿದವರಿಗೆ ಗೋಣಿಯಲ್ಲಿ ಕೆಟ್ಟ ಹುರುಳಿಗೂ ಡ್ರಮ್ಮಿನ ತಗಡಿನೊಳಗೆ ದಿನಗಟ್ಟಲೆ ಬೆವರಿದ ಹುರುಳಿಗೂ ವ್ಯತ್ಯಾಸ ಗೊತ್ತಾಗದೆ ಇರುತ್ತದೆಯೇ. ಕಾಳನ್ನು ಕಿಟಕಿಯಿಂದ ಹೊರಗೆ ಗುಬ್ಬಿಗಳಿಗೆ ಚೆಲ್ಲಿ ಕೈ ಒರೆಸಿಕೊಂಡರು. ಏನಾದರೂ ಕೇಳಿದ್ದರೆ ಅತ್ತುಬಿಡುತ್ತಿದ್ದೆ.

ಮುಂದಿನ ಭಾನುವಾರ ಅಪ್ಪ ಜೀಪು ಹತ್ತುವಾಗ ಕಿಟಕಿಯಿಂದ ಅವರ ದನಿ ಬಂತು. ಅಷ್ಟು ಹೊತ್ತಿಗೆ ದನಿಯೂ ಸಣ್ಣಗಾಗಿತ್ತು.

“ಅಣ್ಣ, ಇವತ್ತು ಹಾರ್ನ್ ಹೊಡಿಬೇಡ.”

ಅಪ್ಪ ಕೀಲಿ ತಿರುಗಿಸಲು ಹೋದವರು ಕೈಯನ್ನು ಅಲ್ಲೇ ಬಿಟ್ಟರು.

“ಯಾವುದಾದ್ರೂ ಒಂದು ಉಳ್ಕೊಂಡಿದ್ರೆ, ಅದು ಬರೋದ್ ಬೇಡ. ಡ್ರಮ್ ಇಳಿಸ್ಬಿಡು.”

ಅಪ್ಪ ತಿರುಗಿ ನೋಡಲಿಲ್ಲ, ಆಯಿತು ಎಂದು ತಲೆಯಾಡಿಸಿದರು.

ಜೀಪನ್ನು ಊರಿನಲ್ಲೇ ಬಿಟ್ಟು ನಾವಿಬ್ಬರೂ ಕಾವಲಿಗೆ ನಡೆದು ಹೋದೆವು. ಕೆಂಪಯ್ಯ ಕೊಂಬೆ ಹತ್ತಿ ಹಗ್ಗ ಬಿಚ್ಚಿದ, ಅಪ್ಪ ಕೆಳಗಿನಿಂದ ಡ್ರಮ್ಮಿಗೆ ಭುಜ ಕೊಟ್ಟರು. ಕಂಬಿ ತಗಡಿಗೆ ತಾಗಿ ಟಣ್ ಎಂದಿತು, ಒಂದಿಷ್ಟು ಕಾಳು ಉದುರಿತು. ಅಷ್ಟಕ್ಕೇ ಪೊದೆ ಅಲುಗಿತು. ಅರ್ಧ ಬೆಳೆದ ಒಂದು ಹೆಣ್ಣು ಜಿಂಕೆ ಈಚೆ ಬಂತು. ಒಂದು ಹಿಂಗಾಲನ್ನು ನೆಲಕ್ಕೆ ಪೂರ್ತಿ ಊರುತ್ತಿರಲಿಲ್ಲ. ಆದರೂ ನಮ್ಮನ್ನು ನೋಡಿ ನಿಲ್ಲಲಿಲ್ಲ, ಓಡಲಿಲ್ಲ, ನೇರ ಬಂದು ಅಪ್ಪನಿಂದ ಮಾರು ದೂರದಲ್ಲಿ ಉದುರಿದ ಹುರುಳಿಗೆ ಬಾಯಿ ಹಾಕಿತು. ಕಣ್ಣು ಅರ್ಧ ಮುಚ್ಚಿಕೊಂಡು ತಿನ್ನುತ್ತಿತ್ತು.

ಅಪ್ಪ ಡ್ರಮ್ಮನ್ನು ಕೆಳಗಿಟ್ಟರು. ಬಗ್ಗಿ ಒಂದು ಮಣ್ಣಿನ ಹೆಂಟೆ ಎತ್ತಿಕೊಂಡು ಅದರ ಪಕ್ಕೆಗೆ ಬೀಸಿ ಹೊಡೆದರು. ಅದು ಬೆಚ್ಚಿ ಸ್ವಲ್ಪ ದೂರ ಹೋಗಿ ನಿಂತು, ತಿರುಗಿ ನೋಡಿತು. ಮತ್ತೆ ಎರಡು ಹೆಜ್ಜೆ ಹತ್ತಿರ ಬಂತು. ಅಪ್ಪ ಇನ್ನೊಂದು ಹೆಂಟೆ ಹೊಡೆದರು, ಮತ್ತೊಂದು, ಆಮೇಲೆ ಕಲ್ಲು. “ಹೋಗೇ, ಹೋಗೇ” ಎಂದು ಕೂಗುತ್ತಾ ಪಂಚೆ ಎತ್ತಿಕಟ್ಟಿ ಹಳ್ಳದವರೆಗೂ ಅಟ್ಟಿಸಿಕೊಂಡು ಹೋದರು. ಕೂಗುತ್ತಲೇ ಅಳುತ್ತಿದ್ದರು. ಅಪ್ಪ ಅಳುವುದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಜಿಂಕೆ ಕುಂಟುತ್ತಾ ಹಳ್ಳ ಹಾರಿ, ಈ ಸಲ ತಿರುಗಿ ನೋಡದೆ, ಆಚೆ ದಡದ ಪೊದೆಗಳಲ್ಲಿ ಸೇರಿಹೋಯಿತು. ಎಷ್ಟು ಹೊತ್ತು ಕಾದರೂ ಮತ್ತೆ ಬರಲಿಲ್ಲ.

ಸಂಜೆ ಮನೆಗೆ ಬಂದಾಗ ಚಿಕ್ಕಪ್ಪನಿಗೆ ಕೂರಲು ಆಗುತ್ತಿರಲಿಲ್ಲ. ಅಪ್ಪ ಕೈಯ ಮಣ್ಣನ್ನೂ ತೊಳೆಯದೆ ಮಂಚದ ಪಕ್ಕ ಕೂತರು. ಈ ಸಲ ಕಥೆ ಕಟ್ಟಲಿಲ್ಲ, ನಡೆದದ್ದನ್ನು ನಡೆದ ಹಾಗೆ ಹೇಳಿದರು. ಹೊರಗೆ ರಸ್ತೆಯಲ್ಲಿ ಯಾರೋ ಹಾರ್ನ್ ಹೊಡೆದುಕೊಂಡು ಹೋದರು. ಚಿಕ್ಕಪ್ಪ ಅದು ಹೋಗುವವರೆಗೂ ಕಾದರು.

“ಹೆದರ್ಕೊಳ್ತಾ ಅಣ್ಣ?”

“ಹೆದರ್ಕೊಳ್ತು.”

“ಚೆನ್ನಾಗಿ ಹೆದರ್ಕೊಳ್ತಾ?”

“ಹೂಂ ಕಣೋ. ತಿರುಗಿ ಕೂಡ ನೋಡ್ಲಿಲ್ಲ.”

“ಹಾಗಾದ್ರೆ ಬದುಕ್ಕೊಳ್ಳುತ್ತೆ ಬಿಡು” ಎಂದು ಚಿಕ್ಕಪ್ಪ ಅಪ್ಪನ ಮಣ್ಣುಗೈಯನ್ನು ಹಿಡಿದುಕೊಂಡು, ಕಣ್ಣು ಅರ್ಧ ಮುಚ್ಚಿದರು.